ಗಾಯಕರಿಗೆ ಗಡಿ, ಗಾಯನಕ್ಕೆ?

ಧಾರವಾಡದ ನಮ್ಮ ರೂಮಿನಲ್ಲಿ ನಾಲ್ವರಿದ್ದೇವೆ. ನಾನು ಹಾನಗಲ್ಲಿನವನು, ಉಳಿದವರು ಶಿಗ್ಗಾವಿ, ಸವಣೂರು, ಹಿರೇಕೆರೂರಿನವರು. ಎಲ್ಲರದೂ ಸ್ಪರ್ಧಾತ್ಮಕ ಪರೀಕ್ಷೆಯ ಓದು. ನಮಗೆ ಬಾಯಿಪಾಠವಾಗಿರುವ ಪ್ರಶ್ನೆಗಳಲ್ಲಿ ಇದೂ ಒಂದು: ಗಂಗೂಬಾಯಿ ಹಾನಗಲ್ ಯಾವ ಘರಾಣೆಯವರು? ಉತ್ತರ, ಕಿರಾಣಾ. ಒಂದು ಅಂಕ. ನಮ್ಮೂರ ಹೆಸರು ಬಂತೆಂದು ಖುಷಿಪಟ್ಟು ಪುಟ ತಿರುಗಿಸುತ್ತಿದ್ದೆ. ಆ ಉತ್ತರದ ಹಿಂದೆ ಒಂದು ಗಡಿಯ ಕಥೆಯೂ ಇದೆ ಎಂದು ತಿಳಿದದ್ದು 2025ರ ಮೇ ತಿಂಗಳಲ್ಲಿ, ರೂಮಿನಲ್ಲಿ ನಡೆದ ಒಂದು ಜಗಳದಿಂದ.

ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಉಗ್ರರು 26 ಜನರನ್ನು ಕೊಂದಿದ್ದರು. ಅದಾದ ಮೇಲೆ ಮೇ 1ರಂದು ಪಾಕಿಸ್ತಾನದ ಎಫ್‌ಎಂ ಕೇಂದ್ರಗಳು ಭಾರತದ ಹಾಡುಗಳನ್ನು ನಿಲ್ಲಿಸಿದವು. ಮೇ 8ರಂದು ನಮ್ಮ ಕೇಂದ್ರ ಸರ್ಕಾರ ಪಾಕಿಸ್ತಾನದ ಹಾಡು, ಸಿನಿಮಾ, ವೆಬ್ ಸರಣಿಗಳನ್ನು ತೆಗೆಯುವಂತೆ ಓಟಿಟಿ ವೇದಿಕೆಗಳಿಗೆ ಸೂಚಿಸಿತು. ಅಲ್ಲಿನ ಅನೇಕ ಕಲಾವಿದರ ಖಾತೆಗಳೂ ನಮ್ಮ ಮೊಬೈಲ್‌ಗಳಲ್ಲಿ ಕಾಣದಾದವು.

‘ಹಾಡು ಏನ್ ಮಾಡಿತ್ತಲೇ?’ ಎಂದು ನಾನು ಗೊಣಗಿದೆ. ಹಿರೇಕೆರೂರಿನ ಗೆಳೆಯ ಸಿಟ್ಟಾದ. ‘ನಮ್ಮೂರ ದಾಟಿದ್ರ ಶಿವಮೊಗ್ಗ ಜಿಲ್ಲಾ. ಸತ್ತವರೊಳಗ ಶಿವಮೊಗ್ಗದವರೂ ಅದಾರ. ಇಂಥಾ ಹೊತ್ತಿನ್ಯಾಗ ನಿನಗ ಅವರ ಹಾಡು ಬೇಕಾಗೇತೇನಲೇ?’ ಸವಣೂರಿನ ಗೆಳೆಯ ಮೆಲ್ಲಗೆ, ‘ಹಾಡೋರೇನು ಗುಂಡು ಹಾರಿಸ್ಯಾರೇನು?’ ಎಂದ. ಅಂದು ರಾತ್ರಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಗೆಳೆಯನ ಸಿಟ್ಟು ಸುಳ್ಳಲ್ಲ. ಆದರೆ ನನ್ನ ಪ್ರಶ್ನೆಯೂ ಹೋಗಲಿಲ್ಲ. ಹಾಗಾಗಿ ಓದಲು ಕೂತೆ.

ಕಲಾವಿದರನ್ನು ಗಡಿಯಲ್ಲಿ ತಡೆಯುವುದು ಹೊಸದಲ್ಲ, ನಮ್ಮಲ್ಲಿ ಮಾತ್ರವೂ ಅಲ್ಲ. ಅಮೆರಿಕದ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ಪಾಸ್‌ಪೋರ್ಟನ್ನು ಅವರ ಸರ್ಕಾರವೇ 1950ರಲ್ಲಿ ರದ್ದು ಮಾಡಿತು. ಅದು ಮರಳಿ ಸಿಕ್ಕಿದ್ದು 1958ರಲ್ಲಿ. ನಡುವೆ 1957ರಲ್ಲಿ ಅವರು ಸಮುದ್ರದಡಿಯ ಟೆಲಿಫೋನ್ ಕೇಬಲ್ ಮೂಲಕ ವೇಲ್ಸ್‌ನ ಗಣಿ ಕಾರ್ಮಿಕರಿಗೆ ಹಾಡಿದರು! ದಕ್ಷಿಣ ಆಫ್ರಿಕಾದ ಮಿರಿಯಂ ಮಕೇಬಾ 1960ರಲ್ಲಿ ತಾಯಿಯ ಅಂತ್ಯಸಂಸ್ಕಾರಕ್ಕೆ ಊರಿಗೆ ಹೊರಟಾಗ ಅವರ ಪಾಸ್‌ಪೋರ್ಟ್ ರದ್ದಾಗಿತ್ತು. ತಾಯ್ನಾಡಿಗೆ ಮರಳಲು 1990ರವರೆಗೆ ಕಾಯಬೇಕಾಯಿತು. ಬ್ರಿಟನ್ನಿನ ‘ಕಿಂಕ್ಸ್’ ತಂಡಕ್ಕೆ 1965ರಿಂದ ಸುಮಾರು ನಾಲ್ಕು ವರ್ಷ ಅಮೆರಿಕದ ವೇದಿಕೆ ಸಿಗಲಿಲ್ಲ. ಅಲ್ಲಿ ತಡೆದದ್ದು ಸಂಗೀತಗಾರರ ಸಂಘ.

ಅಂದರೆ ಬಾಗಿಲು ಮುಚ್ಚುವವರು ಬೇರೆಬೇರೆ. ಕೆಲವೊಮ್ಮೆ ಸರ್ಕಾರ, ಕೆಲವೊಮ್ಮೆ ವೃತ್ತಿಯವರ ಸಂಘ, ಇನ್ನು ಕೆಲವೊಮ್ಮೆ ಬೀದಿಯ ಬೆದರಿಕೆ. ನಮ್ಮಲ್ಲಿ ಮೂರೂ ಆಗಿವೆ. 2015ರ ಅಕ್ಟೋಬರ್‌ನಲ್ಲಿ ಗಜಲ್ ಗಾಯಕ ಗುಲಾಂ ಅಲಿ ಅವರ ಮುಂಬೈ ಕಾರ್ಯಕ್ರಮ ಶಿವಸೇನೆಯ ವಿರೋಧದಿಂದ ರದ್ದಾಯಿತು. ಮೂರು ತಿಂಗಳಲ್ಲಿ ಅವರೇ ಕೋಲ್ಕತ್ತದಲ್ಲಿ ಹಾಡಿದರು. 2016ರ ಉರಿ ದಾಳಿಯ ನಂತರ ಚಿತ್ರ ನಿರ್ಮಾಪಕರ ಸಂಘ, 2019ರ ಪುಲ್ವಾಮಾ ದಾಳಿಯ ನಂತರ ಸಿನಿ ಕಾರ್ಮಿಕರ ಸಂಘ ಪಾಕಿಸ್ತಾನದ ಕಲಾವಿದರಿಗೆ ಕೆಲಸ ಕೊಡುವುದಿಲ್ಲ ಎಂದವು. ಇದನ್ನು ಪೂರ್ಣ ನಿಷೇಧವಾಗಿಸಬೇಕೆಂಬ ಅರ್ಜಿಯನ್ನು 2023ರಲ್ಲಿ ಬಾಂಬೆ ಹೈಕೋರ್ಟ್ ವಜಾ ಮಾಡಿತು. ದೇಶಭಕ್ತನಾಗಲು ನೆರೆದೇಶದವರನ್ನು ದ್ವೇಷಿಸಬೇಕಿಲ್ಲ ಎಂಬುದು ಆ ತೀರ್ಪಿನ ಸಾರ. ಸುಪ್ರೀಂ ಕೋರ್ಟ್ ಕೂಡ ಅದನ್ನು ಬದಲಿಸಲಿಲ್ಲ.

ಓದುತ್ತಾ ಹೋದಂತೆ ದಾರಿ ನಮ್ಮೂರಿಗೇ ಬಂತು. ಕಿರಾಣಾ ಘರಾಣೆಯ ಹೆಸರು ಉತ್ತರ ಪ್ರದೇಶದ ಕೈರಾನಾ ಊರಿನಿಂದ ಬಂದದ್ದು. ಆ ಊರಿನ ಉಸ್ತಾದ್ ಅಬ್ದುಲ್ ಕರೀಂ ಖಾನ್ ಮೀರಜ್‌ನಲ್ಲಿ ನೆಲೆಸಿದರು. ಧಾರವಾಡಕ್ಕೂ ಬರುತ್ತಿದ್ದರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಸವಾಯಿ ಗಂಧರ್ವರಲ್ಲಿ ಕಲಿತವರು ಗಂಗೂಬಾಯಿ. ಅದೇ ಅಬ್ದುಲ್ ಕರೀಂ ಖಾನರಲ್ಲಿ ಕಲಿತ ಇನ್ನೊಬ್ಬ ದೊಡ್ಡ ಗಾಯಕಿ ರೋಶನ್ ಆರಾ ಬೇಗಂ. ಕೋಲ್ಕತ್ತದಲ್ಲಿ ಹುಟ್ಟಿದ ಅವರು 1948ರಲ್ಲಿ ಪಾಕಿಸ್ತಾನಕ್ಕೆ ಹೋಗಿ ಲಾಲಾಮೂಸಾ ಎಂಬ ಊರಿನಲ್ಲಿ ನೆಲೆಸಿದರು. ಗಂಗೂಬಾಯಿ ಹುಬ್ಬಳ್ಳಿಯಲ್ಲಿ, ರೋಶನ್ ಆರಾ ಲಾಲಾಮೂಸಾದಲ್ಲಿ. ಘರಾಣೆ ಒಂದೇ, ದೇಶ ಎರಡು.

ಹೀಗೆ ಈ ಕಡೆ ಬಂದವರೂ ಇದ್ದಾರೆ. ಈಗ ಪಾಕಿಸ್ತಾನದಲ್ಲಿರುವ ಕಸೂರಿನ ಬಡೇ ಗುಲಾಂ ಅಲಿ ಖಾನ್ ವಿಭಜನೆಯ ನಂತರ ಭಾರತಕ್ಕೆ ಮರಳಿ ಇಲ್ಲಿಯ ಪೌರತ್ವ ಪಡೆದರು. ಅಂದು ಬಾಗಿಲು ಪೂರ್ತಿ ಮುಚ್ಚಿದ್ದರೆ ಅವರ ಠುಮ್ರಿ ನಮ್ಮ ವೇದಿಕೆಗಳಿಗೆ ದಕ್ಕುತ್ತಿರಲಿಲ್ಲ.

ಇದನ್ನೆಲ್ಲ ರೂಮಿನಲ್ಲಿ ಹೇಳಿದೆ. ಗೆಳೆಯ ಪೂರ್ತಿ ಒಪ್ಪಲಿಲ್ಲ. ‘ಯುದ್ಧದ ಹೊತ್ತಿನ್ಯಾಗ ಸರ್ಕಾರ ನಿಲ್ಲಿಸಿದ್ರ ತಪ್ಪೇನು?’ ಎಂದ. ನಾನೂ ಅದನ್ನು ತಪ್ಪೆನ್ನಲಾರೆ. ಮನೆಯಲ್ಲಿ ಸಾವಾದಾಗ ಟಿ.ವಿ. ಆರಿಸುವುದಿಲ್ಲವೆ? ಆದರೆ ಸೂತಕಕ್ಕೂ ಒಂದು ಕೊನೆಯ ದಿನ ಇರುತ್ತದೆ. ಸರ್ಕಾರದ ತಡೆಗೆ ಕಾರಣ ಕೇಳಬಹುದು, ಕೋರ್ಟಿಗೆ ಹೋಗಬಹುದು, ಅದು ಎಂದು ಮುಗಿಯುತ್ತದೆ ಎಂದು ವಿಚಾರಿಸಬಹುದು. ಬೀದಿಯ ಬೆದರಿಕೆಯನ್ನು ಕೇಳುವುದು ಯಾರಲ್ಲಿ? ಇನ್ನು ಹಾಡು ಕೇಳಿದವರನ್ನೇ ದೇಶದ್ರೋಹಿ ಎನ್ನುವ ಕಮೆಂಟುಗಳು ನಮ್ಮ ವಯಸ್ಸಿನವರ ಕೈಯಿಂದಲೇ ಬರುತ್ತಿವೆ. ಅಷ್ಟನ್ನಾದರೂ ನಾವು ನಿಲ್ಲಿಸಬಹುದು.

ತಡೆಯಿಂದ ದೊಡ್ಡ ಹೆಸರಿನವರಿಗೆ ಆಗುವ ನಷ್ಟ ಕಡಿಮೆ. ಅವರು ದುಬೈಯಲ್ಲೋ ಲಂಡನ್ನಿನಲ್ಲೋ ಹಾಡುತ್ತಾರೆ. ನಷ್ಟವೆಲ್ಲ ಕಲಿಯುವವರಿಗೆ, ಕೇಳುವವರಿಗೆ.

ನಮ್ಮ ಮಾತು ಮುಗಿಯುವ ಹೊತ್ತಿಗೆ ಶಿಗ್ಗಾವಿಯ ಗೆಳೆಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಾ ಶರೀಫರ ತತ್ವಪದ ಗುನುಗುತ್ತಿದ್ದ. ಅವನ ತಾಲ್ಲೂಕಿನ ಶಿಶುವಿನಹಾಳದ ಶರೀಫರಿಗೆ ಗುರುವಾಗಿದ್ದವರು ಗೋವಿಂದ ಭಟ್ಟರು. ಇಂದಿಗೂ ಶಿಶುನಾಳದ ಗದ್ದುಗೆಗೆ ಎರಡೂ ಧರ್ಮದವರು ನಡೆದುಕೊಳ್ಳುತ್ತಾರೆ. ಹಿರೇಕೆರೂರಿನ ಗೆಳೆಯ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ತಾನೂ ದನಿಗೂಡಿಸಿದ. ನಮ್ಮ ಜಗಳ ಮುಗಿದಿಲ್ಲ. ಆದರೆ ಈಗ ಕಿರಾಣಾ ಎಂಬ ಉತ್ತರ ಬರೆಯುವಾಗಲೆಲ್ಲ ನನಗೆ ಹುಬ್ಬಳ್ಳಿಯ ಜೊತೆ ಲಾಲಾಮೂಸಾವೂ ನೆನಪಾಗುತ್ತದೆ.