ಪೆಟ್ ಸ್ಕ್ಯಾನ್ ಕ್ಲಿಯರ್ ಬಂದರೆ ಕ್ಯಾನ್ಸರ್ ಇಲ್ಲವೇ?

"ಪೆಟ್ ಸ್ಕ್ಯಾನ್ ಕ್ಲಿಯರ್ ಬಂದಿದೆ, ಇನ್ನು ಕ್ಯಾನ್ಸರ್ ಮಾತೇ ಬೇಡ." ಓದಿದವರ ಬಾಯಲ್ಲೇ ಈ ಮಾತು ಹೆಚ್ಚು. ದುಬಾರಿ ಯಂತ್ರ, ತಲೆಯಿಂದ ತೊಡೆಯವರೆಗಿನ ಬಣ್ಣದ ಚಿತ್ರ, ಇಷ್ಟಿದ್ದ ಮೇಲೆ ಸಂಶಯಪಡುವವರೇ ಮೂರ್ಖರೆನಿಸುತ್ತದೆ. ಮೇದೋಜೀರಕ ಗ್ರಂಥಿಯ ಹಾರ್ಮೋನು ಕೋಶಗಳಲ್ಲಿ ಹುಟ್ಟುವ ನ್ಯೂರೋಎಂಡೊಕ್ರೈನ್ ಗಡ್ಡೆಗಳ ಮುಂದೆ ಮಾತ್ರ ಈ ಭರವಸೆ ನಿಲ್ಲುವುದಿಲ್ಲ. ಪೆಟ್ ಎನ್ನುವುದು ಒಂದು ಕ್ಯಾಮೆರಾ, ಅಷ್ಟೆ. ರಕ್ತನಾಳಕ್ಕೆ ಚುಚ್ಚಿದ ವಿಕಿರಣಶೀಲ ವಸ್ತು ಎಲ್ಲಿ ಸೇರಿಕೊಂಡಿದೆಯೋ ಅದನ್ನು ಮಾತ್ರ ಅದು ತೋರಿಸುತ್ತದೆ. ಸಾಮಾನ್ಯವಾಗಿ ಚುಚ್ಚುವುದು ಎಫ್‌ಡಿಜಿ, ಅಂದರೆ ಫ್ಲೋರಿನ್-18 ಸೇರಿಸಿದ ಗ್ಲೂಕೋಸಿನ ತದ್ರೂಪ. ಕ್ಯಾನ್ಸರ್ ಕೋಶಗಳು ಸಕ್ಕರೆಯನ್ನು ಅತಿಯಾಗಿ ಬಳಸುತ್ತವೆ ಎಂದು ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲಿ ಗುರುತಿಸಿದ್ದೇ ಇದಕ್ಕೆ ಆಧಾರ. ಆದರೆ ಎಲ್ಲ ಕ್ಯಾನ್ಸರಿಗೂ ಅಷ್ಟು ಹಸಿವಿರುವುದಿಲ್ಲ. ಕೋಶಗಳು ಎಷ್ಟು ವೇಗವಾಗಿ ವಿಭಜಿಸುತ್ತಿವೆ ಎಂದು ಹೇಳುವ ಕಿ-67 ಸೂಚ್ಯಂಕ 3%ಗಿಂತ ಕಡಿಮೆಯಿರುವ, ನಿಧಾನವಾಗಿ ಬೆಳೆಯುವ ಮೊದಲ ದರ್ಜೆಯ ಗಡ್ಡೆಗಳು ಎಷ್ಟೋ ಸಲ ಎಫ್‌ಡಿಜಿಯನ್ನು ಮೂಸಿಯೂ ನೋಡುವುದಿಲ್ಲ. ಬೆಲ್ಲ ಇಟ್ಟರೂ ಇರುವೆ ಬರಲಿಲ್ಲ, ಆದ್ದರಿಂದ ಮನೆಯಲ್ಲಿ ಗೆದ್ದಲೂ ಇಲ್ಲ ಎಂದು ತೀರ್ಮಾನಿಸಿದಂತಾಯಿತು. (ಇದೇ ಚಿತ್ರ ತೋರಿಸಿ "ಸಕ್ಕರೆ ಬಿಡಿ, ಕ್ಯಾನ್ಸರ್ ಸಾಯುತ್ತದೆ" ಎಂದು ಉಪದೇಶಿಸುವವರಿಗೂ ಈ ಗಡ್ಡೆಗಳ ಪರಿಚಯವಿಲ್ಲ.)

ಹಾಗಾದರೆ ಇವನ್ನು ಹುಡುಕುವುದು ಹೇಗೆ? ಬಹುಪಾಲು ನ್ಯೂರೋಎಂಡೊಕ್ರೈನ್ ಗಡ್ಡೆಗಳ ಕೋಶಗಳ ಮೇಲೆ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳು ದಟ್ಟವಾಗಿರುತ್ತವೆ. ಅವಕ್ಕೆ ಅಂಟಿಕೊಳ್ಳುವ ಡೋಟಾಟೇಟ್ ಅಥವಾ ಡೋಟಾನಾಕ್‌ಗೆ ಗ್ಯಾಲಿಯಂ-68 ಜೋಡಿಸಿ ಕೊಟ್ಟರೆ, ಎಫ್‌ಡಿಜಿಗೆ ಕಾಣದ ಗಡ್ಡೆ ಅದೇ ಯಂತ್ರದಲ್ಲಿ ದೀಪದಂತೆ ಬೆಳಗಬಹುದು. ಅಮೆರಿಕದ ಎಫ್‌ಡಿಎ ಗ್ಯಾಲಿಯಂ ಡೋಟಾಟೇಟ್‌ಗೆ ಒಪ್ಪಿಗೆ ಕೊಟ್ಟಿದ್ದು 2016ರಲ್ಲಿ. ಎಫ್‌ಡಿಜಿ ವ್ಯರ್ಥವೇ ಎಂದು ಯಾರಾದರೂ ಕೇಳಿಯಾರು. ಖಂಡಿತ ಅಲ್ಲ. ಗಡ್ಡೆ ಉಗ್ರರೂಪಕ್ಕೆ ತಿರುಗಿದಂತೆ ಅದರ ಸಕ್ಕರೆಯ ಹಸಿವು ಹೆಚ್ಚುತ್ತದೆ, ಗ್ರಾಹಕಗಳು ಕಡಿಮೆಯಾಗುತ್ತವೆ. ಹಾಗಾಗಿ ಎಫ್‌ಡಿಜಿಯಲ್ಲಿ ಹೊಳೆಯುವ ನ್ಯೂರೋಎಂಡೊಕ್ರೈನ್ ಗಡ್ಡೆಯೇ ಹೆಚ್ಚು ಆತಂಕದ್ದು. ಗಡ್ಡೆ ಇದೆಯೆಂದು ಬೇರೆ ದಾರಿಯಲ್ಲಿ ಗೊತ್ತಾದವರಿಗೆ ಎಫ್‌ಡಿಜಿಯ ಮೌನ ಒಳ್ಳೆಯ ಸುದ್ದಿಯಾಗಬಹುದು. ಗೊತ್ತೇ ಇಲ್ಲದವರಿಗೆ ಅದೇ ಮೌನ ಮೋಸ.

ಇಷ್ಟು ಕೇಳಿದವರು ಮರುಕ್ಷಣವೇ ಡೋಟಾ ಸ್ಕ್ಯಾನನ್ನು ಹೊಸ ದೇವರ ಪಟ್ಟಕ್ಕೇರಿಸುತ್ತಾರೆ. ಅದಕ್ಕೂ ಮಿತಿಗಳಿವೆ. ಗುಲ್ಮ, ಮೂತ್ರಪಿಂಡ, ಅಡ್ರಿನಲ್ ಗ್ರಂಥಿಗಳು ಕಾಯಿಲೆಯಿಲ್ಲದೆಯೂ ಅದರಲ್ಲಿ ಹೊಳೆಯುತ್ತವೆ. ಮೇದೋಜೀರಕದ ತಲೆಭಾಗದ ಒಂದು ಮೂಲೆಯೂ ಹಾಗೆಯೇ. ಮೇದೋಜೀರಕದೊಳಗೆ ಹುಟ್ಟಿನಿಂದಲೇ ಸಿಕ್ಕಿಕೊಂಡ ಗುಲ್ಮದ ತುಣುಕಂತೂ ಗಡ್ಡೆಯ ವೇಷವನ್ನೇ ಹಾಕಬಲ್ಲದು. ಇನ್ನೊಂದೆಡೆ, ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಿ ಮನುಷ್ಯನನ್ನು ಬೀಳಿಸುವ ಇನ್ಸುಲಿನೋಮಾ ಬಹುತೇಕ 2 ಸೆಂಟಿಮೀಟರಿಗಿಂತ ಚಿಕ್ಕದು. ಅದರಲ್ಲಿ ಈ ಗ್ರಾಹಕಗಳು ಸಾಕಷ್ಟಿಲ್ಲದೆ ಡೋಟಾ ಸ್ಕ್ಯಾನಿಗೂ ತಪ್ಪಿಸಿಕೊಳ್ಳಬಹುದು. ಅಲ್ಲಿ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಅಥವಾ ಬೇರೊಂದು ಗ್ರಾಹಕಕ್ಕೆ ಅಂಟುವ ಎಕ್ಸೆಂಡಿನ್ ಚುಚ್ಚಿ ತೆಗೆಯುವ ಪೆಟ್ ನೆರವಿಗೆ ಬರುತ್ತದೆ. ಸಿ.ಟಿ.ಯೂ ಎಲ್ಲ ಒಂದೇ ಅಲ್ಲ: ರಕ್ತ ತುಂಬಿದ ಈ ಗಡ್ಡೆಗಳು ಕಾಂಟ್ರಾಸ್ಟ್ ಅಪಧಮನಿಗಳಲ್ಲಿ ಹರಿಯುವ ಆ ಕೆಲವು ಸೆಕೆಂಡುಗಳಲ್ಲೇ ಎದ್ದು ಕಾಣುತ್ತವೆ, ತಡವಾಗಿ ತೆಗೆದ ಚಿತ್ರದಲ್ಲಿ ಸುತ್ತಲಿನ ಅಂಗದೊಂದಿಗೆ ಬೆರೆತುಬಿಡುತ್ತವೆ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಹೆಸರಿನಲ್ಲಿ 'ನ್ಯೂರೋ' ಇದ್ದ ಮಾತ್ರಕ್ಕೆ ಇದು ಮಿದುಳಿನ ಕಾಯಿಲೆಯಲ್ಲ. 2018ರಲ್ಲಿ ನಟ ಇರ್ಫಾನ್ ಖಾನ್ ತಮ್ಮ ಕಾಯಿಲೆಯ ವಿಷಯದಲ್ಲಿ ಅದನ್ನು ತಾವೇ ಬಿಡಿಸಿ ಹೇಳಬೇಕಾಯಿತು. ಮೇದೋಜೀರಕದ ಕ್ಯಾನ್ಸರೆಂದರೆ ಕೆಲವೇ ತಿಂಗಳು ಎಂಬುದೂ ಎಲ್ಲರಿಗೂ ಅನ್ವಯಿಸದು. ಸ್ಟೀವ್ ಜಾಬ್ಸ್‌ಗೆ ಈ ಗಡ್ಡೆ ಪತ್ತೆಯಾದದ್ದು 2003ರಲ್ಲಿ, ಅವರು ತೀರಿಕೊಂಡದ್ದು 2011ರಲ್ಲಿ. ಈ ಗಡ್ಡೆಗಳ ಸುಳಿವು ಕೊಡುವ ಕ್ರೋಮೋಗ್ರಾನಿನ್ ರಕ್ತಪರೀಕ್ಷೆ ಸಾಕೆನ್ನುವವರು, ಆಸಿಡಿಟಿಗೆಂದು ಬೆಳಗ್ಗೆ ನುಂಗುವ ಪ್ಯಾಂಟೊಪ್ರಜೋಲ್ ಮಾತ್ರೆಯೊಂದೇ ಅದನ್ನು ಏರಿಸಬಲ್ಲದೆಂದು ತಿಳಿದಿರಲಿ.

ಇದನ್ನೆಲ್ಲ ವೈದ್ಯರು ನೋಡಿಕೊಳ್ಳುತ್ತಾರೆ, ನಮಗೇಕೆ ಎನ್ನುವ ಆಕ್ಷೇಪಣೆ ವೈದ್ಯರೇ ಪ್ರಶ್ನೆಯಿಟ್ಟು ಬರೆದುಕೊಟ್ಟ ಸ್ಕ್ಯಾನಿನ ಮಟ್ಟಿಗೆ ಸರಿ. ಜಾಹೀರಾತು ನೋಡಿ, ಯಾವ ಲಕ್ಷಣವೂ ಇಲ್ಲದೆ, 'ಫುಲ್ ಬಾಡಿ' ಪ್ಯಾಕೇಜು ಕೊಂಡು ನೆಮ್ಮದಿ ಖರೀದಿಸಿದೆವೆಂದು ಭಾವಿಸುವವರಿಗೆ ಆ ರಕ್ಷಣೆಯಿಲ್ಲ. ತಾಯಿತವನ್ನು ನಂಬುವ ಅಜ್ಜಿಯನ್ನು ನೋಡಿ ನಗುವವರೇ ಬಿಲ್ಲಿನ ಮೊತ್ತ ನೋಡಿ ಯಂತ್ರವನ್ನು ನಂಬುತ್ತಾರೆ. ಮುಂದೆ ಯಾರಾದರೂ ಪೆಟ್ ರಿಪೋರ್ಟ್ ಹಿಡಿದು ಬಂದರೆ, ಕೊನೆಯ ಸಾಲಿಗೆ ಹಾರುವ ಮೊದಲು ಚುಚ್ಚಿದ ವಸ್ತುವಿನ ಹೆಸರು ಓದಿ. ಅದು ರಿಪೋರ್ಟಿನಲ್ಲೇ ಅಚ್ಚಾಗಿರುತ್ತದೆ.