ಕ್ರಮಸಂಖ್ಯೆಯೇ ಅಳತೆಯಾದಾಗ: ಆರ್‌ನಲ್ಲಿ ಗುಂಪುವಾರು ಸರಾಸರಿಯ ಒಂದು ತೊಡಕು

ಹ್ರಸ್ವ ಮತ್ತು ದೀರ್ಘ ಸ್ವರಗಳ ಅವಧಿಯನ್ನು ಹೋಲಿಸುವಾಗ ನಾವು ಆರ್‌ನಲ್ಲಿ ಗುಂಪುವಾರು ಸರಾಸರಿ ತೆಗೆಯುತ್ತೇವೆ. ಅಳೆಯಲಾಗದ ಒಂದೇ ಒಂದು ಉಚ್ಚಾರಣೆಯ ಎದುರು ‘ಇಲ್ಲ’ ಎಂದು ಬರೆದಿದ್ದರೂ ಅವಧಿಯ ಸ್ತಂಭವೆಲ್ಲ ಅಕ್ಷರರೂಪ ತಾಳುತ್ತದೆ. 2020ರ 4.0.0 ಆವೃತ್ತಿಗೆ ಮುಂಚೆ ರೀಡ್.ಸಿಎಸ್‌ವಿ ಆಜ್ಞೆಯು ಅಂಥ ಸ್ತಂಭವನ್ನು ತಾನಾಗಿ ಫ್ಯಾಕ್ಟರ್, ಅಂದರೆ ವರ್ಗೀಯ ಚರ, ಆಗಿಸುತ್ತಿತ್ತು. ಹಳೆಯ ಸ್ಕ್ರಿಪ್ಟುಗಳಲ್ಲಿ ಆ ಆಯ್ಕೆ ಇನ್ನೂ ಉಳಿದಿರಬಹುದು.

ಫ್ಯಾಕ್ಟರಿನ ಸರಾಸರಿ ಕೇಳಿದರೆ ಆರ್ ಎಚ್ಚರಿಕೆಯೊಡನೆ ‘ಎನ್‌ಎ’ ನೀಡುತ್ತದೆ. ಅಪಾಯವಿರುವುದು ಮುಂದಿನ ಹೆಜ್ಜೆಯಲ್ಲಿ. ಆ್ಯಸ್.ನ್ಯೂಮೆರಿಕ್ ಅನ್ನು ನೇರವಾಗಿ ಅನ್ವಯಿಸಿದರೆ ದೊರೆಯುವುದು ಅಳತೆಯಲ್ಲ, ವರ್ಗದ ಕ್ರಮಸಂಖ್ಯೆ. ಒಂದು ಕಲ್ಪಿತ ದತ್ತಾಂಶದಲ್ಲಿ ಹ್ರಸ್ವದ ಅವಧಿಗಳು 85, 92 ಮಿಲಿಸೆಕೆಂಡ್ ಮತ್ತು ಒಂದು ‘ಇಲ್ಲ’. ದೀರ್ಘದವು 168, 174 ಎಂದಿಟ್ಟುಕೊಳ್ಳೋಣ. ವರ್ಗಗಳು ನಿಘಂಟಿನ ಪದಗಳಂತೆ ಮೊದಲ ಅಕ್ಷರದಿಂದ ಜೋಡಣೆಗೊಳ್ಳುವುದರಿಂದ 168, 174, 85, 92, ‘ಇಲ್ಲ’ ಇವು ಅನುಕ್ರಮವಾಗಿ 1ರಿಂದ 5 ಆಗುತ್ತವೆ. ನಿಜವಾದ ಸರಾಸರಿ ಹ್ರಸ್ವಕ್ಕೆ 88.5, ದೀರ್ಘಕ್ಕೆ 171. ಬರುವುದು 4 ಮತ್ತು 1.5. ದೀರ್ಘವೇ ಕಿರಿದಾಯಿತು, ಅಳೆಯದ ಉಚ್ಚಾರಣೆಯೂ ಲೆಕ್ಕಕ್ಕೆ ಸೇರಿತು. ಎಚ್ಚರಿಕೆ ಮಾತ್ರ ಇಲ್ಲ.

ನಾಲ್ಕು ಮಿಲಿಸೆಕೆಂಡಿನ ಸ್ವರವನ್ನು ಯಾವ ಧ್ವನಿವಿಜ್ಞಾನಿಯೂ ನಂಬಲಾರರು. ಆದರೆ ವಾಕ್ಯಗಳ ಸ್ವೀಕಾರಾರ್ಹತೆಯನ್ನು 1ರಿಂದ 7ರವರೆಗೆ ಅಳೆಯುವಾಗ 2, 5, 7 ಮಾತ್ರ ಬಳಕೆಯಾಗಿದ್ದರೆ ಅವು 1, 2, 3 ಆಗುತ್ತವೆ. ಅದು ಯಾರ ಕಣ್ಣಿಗೂ ಬೀಳದು.

ಮೊದಲು ಆ್ಯಸ್.ಕ್ಯಾರೆಕ್ಟರ್, ಅನಂತರ ಆ್ಯಸ್.ನ್ಯೂಮೆರಿಕ್ ಬಳಸಿದರೆ ಅಳತೆಗಳು ಉಳಿಯುತ್ತವೆ. ‘ಇಲ್ಲ’ ಎಚ್ಚರಿಕೆಯೊಡನೆ ‘ಎನ್‌ಎ’ ಆಗುತ್ತದೆ. ಅದನ್ನು ಬಿಟ್ಟು ಸರಾಸರಿ ತೆಗೆಯಲು ಎನ್‌ಎ.ಆರ್‌ಎಂ ಅನ್ನು ‘ಟ್ರೂ’ ಎಂದು ಕೊಡಬೇಕು. ಆ ಎಚ್ಚರಿಕೆಯನ್ನು ಅಡಗಿಸುವುದಕ್ಕಿಂತ ಪ್ರತಿ ಗುಂಪಿನಲ್ಲಿ ಎಷ್ಟು ಸಾಲುಗಳು ಹೀಗೆ ಬಿಟ್ಟುಹೋದವೆಂದು ಎಣಿಸಿ ಪ್ರಬಂಧದಲ್ಲಿ ನಮೂದಿಸುವುದು ಲೇಸೆಂದು ನಾವು ಭಾವಿಸುತ್ತೇವೆ.