ಪೊಲೀಸನ ಕಥೆ ಎಲ್ಲಿ ಮುಗಿಯಬೇಕು?

ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಸಬ್ ಇನ್‌ಸ್ಪೆಕ್ಟರ್ ಹುದ್ದೆಗೆ ಸೇರಿದ ನಾನು ಮೂರು ದಶಕಗಳಿಗೂ ಹೆಚ್ಚು ಕಾಲ ಖಾಕಿ ತೊಟ್ಟು ನಿವೃತ್ತನಾದೆ. ತನಿಖೆ ಮಾಡಿದ ಪ್ರಕರಣಗಳನ್ನು ಬರೆಯಿರಿ ಎಂದು ಗೆಳೆಯರು ಒತ್ತಾಯಿಸಿದರು. ದಿನವೂ ಕೇಸ್ ಡೈರಿ ಬರೆದವನಿಗೆ ಇದೇನು ಮಹಾ ಎಂದುಕೊಂಡು ಕುಳಿತೆ. ಮೊದಲ ನಾಲ್ಕು ಪುಟ ಓದಿದ ನನ್ನ ಪತ್ನಿ, ‘ಇದರಲ್ಲಿ ಮನುಷ್ಯರೇ ಇಲ್ಲವಲ್ಲ’ ಎಂದಳು. ‘ಸದರಿ ಆರೋಪಿಯು ಮೃತಳ ಮನೆಯನ್ನು ಅಕ್ರಮವಾಗಿ ಪ್ರವೇಶಿಸಿ’ ಎಂದೇ ನನ್ನ ಲೇಖನಿ ಓಡಿತ್ತು.

ಪೊಲೀಸರು ಲೇಖಕರಾಗುವುದು ಹೊಸದಲ್ಲ. ಕಲ್ಕತ್ತೆಯ ಪೊಲೀಸ್ ಪತ್ತೇದಾರಿ ವಿಭಾಗದಲ್ಲಿದ್ದ ಪ್ರಿಯನಾಥ ಮುಖೋಪಾಧ್ಯಾಯರು 1892ರಲ್ಲೇ ‘ದಾರೋಗಾರ್ ದಫ್ತರ್’ ಎಂಬ ಬಂಗಾಳಿ ಮಾಸಿಕ ಮಾಲೆಯನ್ನು ಆರಂಭಿಸಿ ತಮ್ಮ ಅನುಭವಗಳನ್ನು ಕಥೆಯಾಗಿಸಿದರು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಜೋಸೆಫ್ ವಾಂಬೊ ಇನ್ನೂ ಸೇವೆಯಲ್ಲಿದ್ದಾಗಲೇ, 1973ರಲ್ಲಿ, ‘ದಿ ಆನಿಯನ್ ಫೀಲ್ಡ್’ ಪ್ರಕಟಿಸಿದರು. 1963ರಲ್ಲಿ ಅಪಹರಣಕ್ಕೊಳಗಾದ ಇಬ್ಬರು ಪೊಲೀಸರಲ್ಲಿ ಒಬ್ಬ ಹತನಾದ. ಬದುಕುಳಿದವನನ್ನು ಸ್ವಂತ ಇಲಾಖೆಯೇ ತಪ್ಪಿತಸ್ಥನಂತೆ ಕಂಡ ಬಗೆಯನ್ನೂ ವಾಂಬೊ ಮುಚ್ಚಿಡಲಿಲ್ಲ. ಮರುವರ್ಷ ಅವರು ನೌಕರಿ ಬಿಟ್ಟು ಪೂರ್ಣಾವಧಿ ಲೇಖಕರಾದರು.

ಭಾಷೆಯ ದೋಷವನ್ನು ಅಭ್ಯಾಸದಿಂದ ತಿದ್ದಿಕೊಳ್ಳಬಹುದು. ನಾನು ಎಡವಿದ್ದು ಬೇರೊಂದು ಕಡೆ. 1990ರ ದಶಕದಲ್ಲಿ, ನಾನು ವೃತ್ತ ನಿರೀಕ್ಷಕನಾಗಿದ್ದಾಗ, ಸಣ್ಣ ಪಟ್ಟಣವೊಂದರಲ್ಲಿ ಒಂಟಿ ವೃದ್ಧೆಯ ಕೊಲೆಯಾಯಿತು. ಅವರ ಮನೆಗೆಲಸಕ್ಕೆ ಬರುತ್ತಿದ್ದ ಯುವಕನನ್ನು ಮೂರೇ ದಿನಗಳಲ್ಲಿ ಬಂಧಿಸಿ ಒಡವೆ ವಶಪಡಿಸಿಕೊಂಡೆ. ಮೇಲಧಿಕಾರಿಗಳಿಂದ ಪ್ರಶಂಸಾಪತ್ರವೂ ಬಂತು. ಸೆಷನ್ಸ್ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿತು. ‘ಸಾಕ್ಷಿಗಳು ತಿರುಗಿಬಿದ್ದರು, ಕೊಲೆಗಾರ ತಪ್ಪಿಸಿಕೊಂಡ’ ಎಂದು ಇಪ್ಪತ್ತೈದು ವರ್ಷ ಹೇಳಿಕೊಂಡು ಬಂದೆ. ನನ್ನ ಲೇಖನದ ಕೊನೆಯ ಸಾಲೂ ಅದೇ ಆಗಿತ್ತು.

ದಿನಾಂಕಗಳನ್ನು ಖಚಿತಪಡಿಸಿಕೊಳ್ಳಲೆಂದು ತೀರ್ಪಿನ ಪ್ರಮಾಣೀಕೃತ ಪ್ರತಿ ತರಿಸಿದೆ. ಸೇವೆಯಲ್ಲಿದ್ದಾಗ ನಾನು ಓದಿದ್ದು ಅದರ ಕೊನೆಯ ಪುಟವನ್ನಷ್ಟೇ. ಈ ಬಾರಿ ಪೂರ್ತಿ ಓದಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದೂವರೆಯವರೆಗೆ ಊರಾಚೆಯ ತೋಪಿನಲ್ಲಿ ಆರೋಪಿಯ ಸಮ್ಮುಖದಲ್ಲಿ ಒಡವೆಗಳ ಮಹಜರು ನಡೆಯಿತೆಂದು ನಾನು ಬರೆದಿದ್ದೆ. ಅದೇ ದಿನ ಹನ್ನೊಂದು ಗಂಟೆಗೆ ಸರ್ಕಾರಿ ಆಸ್ಪತ್ರೆಯಲ್ಲಿ ಅವನನ್ನು ಪರೀಕ್ಷಿಸಿದ್ದಾಗಿ ವೈದ್ಯರು ದಾಖಲಿಸಿದ್ದರು. ಆ ಮಹಜರನ್ನು ಸಂಜೆ ಠಾಣೆಯಲ್ಲಿ ಕುಳಿತು ಬರೆಸಿದ್ದು ನನಗೆ ಆಗ ನೆನಪಾಯಿತು. ಪಂಚರು ಸುಳ್ಳು ಹೇಳಿರಲಿಲ್ಲ. ಆತ ಕೊಲೆಗಾರನೋ ಅಲ್ಲವೋ ಎಂಬುದನ್ನು ಇಂದು ನಾನು ಖಚಿತವಾಗಿ ಹೇಳಲಾರೆ.

ಪೊಲೀಸ್ ಅಧಿಕಾರಿಯೆದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಸೇವೆಯಲ್ಲಿದ್ದಾಗ ಈ ಅಪನಂಬಿಕೆ ನಮಗೆ ಅವಮಾನವೆನಿಸುತ್ತಿತ್ತು. ಆದರೆ ನಿವೃತ್ತ ಅಧಿಕಾರಿ ಕಥೆ ಹೇಳತೊಡಗಿದಾಗ ಓದುಗನಿಗೆ ಈ ರಕ್ಷಣೆಯೂ ಇಲ್ಲ. ಪಾಟೀಸವಾಲು ಮಾಡುವ ವಕೀಲರಿಲ್ಲ. ಠಾಣೆಯಲ್ಲಿ ಬಾಯಿಬಿಟ್ಟದ್ದೆಲ್ಲ ಸತ್ಯವೆಂದೇ ಅಚ್ಚಾಗುತ್ತದೆ.

ಅಂಕಿಅಂಶಗಳನ್ನು ಓದುವುದು ನನ್ನ ವಿದ್ಯಾರ್ಥಿದೆಸೆಯ ಚಟ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ವಾರ್ಷಿಕ ವರದಿಯಲ್ಲಿ ದೋಷಾರೋಪ ಪಟ್ಟಿ ಸಲ್ಲಿಕೆಯ ಪ್ರಮಾಣ ಒಂದು ಅಂಕಣದಲ್ಲಿರುತ್ತದೆ, ಶಿಕ್ಷೆಯ ಪ್ರಮಾಣ ಇನ್ನೊಂದರಲ್ಲಿ. ನಮ್ಮ ಪೊಲೀಸ್ ಕಥನಗಳು ಬಹುಪಾಲು ಮೊದಲ ಅಂಕಣದಲ್ಲೇ ನಿಂತುಬಿಡುತ್ತವೆ. ಕೈಗೆ ಕೋಳ ಬಿದ್ದೊಡನೆ ಕಥೆ ಮುಗಿಯುತ್ತದೆ. ನ್ಯಾಯಾಲಯಕ್ಕೆ ಅದರಲ್ಲಿ ಪಾತ್ರವೇ ಇರುವುದಿಲ್ಲ. ಹೆಸರು ಬದಲಿಸಿದ್ದೇವೆ ಎಂಬ ಸಮಾಧಾನವೂ ಪೊಳ್ಳು. ಸಣ್ಣ ಊರಿನಲ್ಲಿ ಬೀದಿಯ ಗುರುತು ಹೇಳಿದರೆ ಮನೆಯ ಗುರುತು ಸಿಕ್ಕೀತು. ಖುಲಾಸೆಯಾದವನ ಮಕ್ಕಳು ಅದೇ ಬೀದಿಯಲ್ಲಿ ಓಡಾಡುತ್ತಿರಬಹುದು.

ಹಾಗೆಂದು ಪೊಲೀಸರು ಬರೆಯಬಾರದೆಂದು ನಾನು ಹೇಳುವುದಿಲ್ಲ. ನಾವು ಕಂಡಷ್ಟು ಸಾಲ, ಕುಡಿತ, ಗಡಿಗಲ್ಲಿನ ಜಗಳ, ಸೊಸೆಯ ಕಣ್ಣೀರುಗಳನ್ನು ಕಂಡವರು ವಿರಳ. ಅದನ್ನು ದಾಖಲಿಸುವುದು ಸಮಾಜಕ್ಕೆ ನಾವು ತೀರಿಸಬೇಕಾದ ಋಣವೇ ಸರಿ. ಬರೆಯಹೊರಟ ಸಹೋದ್ಯೋಗಿಗಳಿಗೆ ನನ್ನದೊಂದೇ ವಿನಂತಿ: ಕೇಸ್ ಡೈರಿಯ ನೆನಪಿಗಿಂತ ಮೊದಲು ತೀರ್ಪಿನ ಪ್ರತಿಯನ್ನು ಓದಿ, ಸೋತ ಪ್ರಕರಣವಾದರೆ ಎರಡು ಸಲ ಓದಿ.

ಆ ವೃದ್ಧೆಯ ಪ್ರಕರಣವನ್ನು ನಾನು ಹೊಸದಾಗಿ ಬರೆದಿದ್ದೇನೆ. ಈಗ ಅದು ಆರಂಭವಾಗುವುದು ಸಂಜೆಯ ಹೊತ್ತು ಠಾಣೆಯ ಮೇಜಿನ ಮುಂದೆ, ಮಹಜರಿನ ಮೇಲೆ ಬೆಳಗಿನ ವೇಳೆ ನಮೂದಿಸುತ್ತಿರುವ ಇನ್‌ಸ್ಪೆಕ್ಟರನಿಂದ. ಈ ಬಾರಿ ಹಸ್ತಪ್ರತಿಯನ್ನು ಓದಿ ಮುಗಿಸಿದ ಪತ್ನಿ ಏನನ್ನೂ ಹೇಳಲಿಲ್ಲ. ಆ ಪ್ರಶಂಸಾಪತ್ರ ಎಲ್ಲಿದೆ ಎಂದಷ್ಟೇ ಕೇಳಿದಳು.